ನಾರ್ಮಲ್ ಸಾಕೋ, ಪವರ್ ಬೇಕೋ?

ರಾಯಲ್ಪಾಡಿನಲ್ಲಿ ಕಾರು ಇಟ್ಟುಕೊಂಡವರಿಗೆ ಪೆಟ್ರೋಲ್ ಖರ್ಚೆಂದರೆ ಎರಡು ರಾಜ್ಯಗಳ ಲೆಕ್ಕ. ಶ್ರೀನಿವಾಸಪುರ ತಾಲ್ಲೂಕಿನ ಈ ಹೋಬಳಿಗೆ ಆಂಧ್ರದ ಗಡಿ ಹತ್ತಿರ. ಮದನಪಲ್ಲಿಯ ಟೊಮೆಟೊ ಮಂಡಿಗೋ, ನೆಂಟರ ಮದುವೆಗೋ ಆಚೆಗೆ ಹೋಗಿಬರುವುದು ನಮಗೆ ವಾಡಿಕೆ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. ಆದರೂ ಬೆಂಗಳೂರಿನ ದರ 103 ರೂಪಾಯಿಯ ಒಳಗೇ ಇತ್ತು. ಆಂಧ್ರದಲ್ಲಿ ಆಗ 108 ದಾಟಿತ್ತು. ಅದಕ್ಕೇ ಗಡಿ ದಾಟುವ ಮುಂಚೆ ಟ್ಯಾಂಕ್ ತುಂಬಿಸಿಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಉಳಿತಾಯ.

ಇಷ್ಟು ಹುಷಾರಾಗಿರುವ ನಮ್ಮ ಜನ, ಬಂಕಿನ ಹುಡುಗ "ಪವರ್ ಹಾಕ್ಲಾ ಸಾರ್?" ಅಂದಾಗ "ಹಾಕಪ್ಪ" ಅಂದುಬಿಡುತ್ತಾರೆ. ಗಡಿಯ ಲೆಕ್ಕದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತದೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 95, ಎಚ್‌ಪಿಯ ಪವರ್, ಭಾರತ್ ಪೆಟ್ರೋಲಿಯಂನ ಸ್ಪೀಡ್, ಹೀಗೆ ಪ್ರೀಮಿಯಂ ಪೆಟ್ರೋಲಿಗೆ ಹಲವು ಹೆಸರು. ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು. ಈ ಹೆಚ್ಚುವರಿ ದುಡ್ಡಿಗೆ ಏನು ಸಿಗುತ್ತದೆ ಎಂದು ತಿಳಿದುಕೊಂಡೇ ಕೊಡಬೇಕು ಎನ್ನುವುದು ನನ್ನ ವಾದ.

ಪ್ರೀಮಿಯಂ ಪೆಟ್ರೋಲಿನಲ್ಲಿ ಮುಖ್ಯವಾಗಿ ಹೆಚ್ಚಿರುವುದು ಆಕ್ಟೇನ್ ಸಂಖ್ಯೆ. ಇದು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ತಾಳಿಕೆಯ ಅಳತೆ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್‌ನ ಕಿಡಿಯಿಂದ ಕ್ರಮವಾಗಿ ಉರಿಯುವ ಬದಲು ಮಿಶ್ರಣದ ಒಂದು ಭಾಗ ತಾನಾಗಿ ಸಿಡಿದರೆ ಟಕಟಕ ಸದ್ದು ಬರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ನಾಕಿಂಗ್ ಅನ್ನುತ್ತಾರೆ. ಹಾಗೆ ಸಿಡಿಯದೆ ಎಷ್ಟು ಒತ್ತಡ ತಡೆದುಕೊಳ್ಳುತ್ತದೆ ಎಂಬುದನ್ನು ಹೇಳುವುದೇ ಆಕ್ಟೇನ್. ಅಷ್ಟೊಂದು ಒತ್ತದ ಎಂಜಿನ್ನಿಗೆ ಹೆಚ್ಚಿನ ತಾಳಿಕೆ ಉಪಯೋಗಕ್ಕೆ ಬರುವುದಿಲ್ಲ.

ನನ್ನದು ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು. ಶ್ರೀನಿವಾಸಪುರ, ಕೋಲಾರಕ್ಕೆ ಓಡಾಡುತ್ತದೆ, ಮಾವಿನ ಕಾಲದಲ್ಲಿ ಡಿಕ್ಕಿ ತುಂಬ ಕಾಯಿ ಹೊರುತ್ತದೆ. ಅದರ ಪುಸ್ತಕದಲ್ಲಿ 91 ಅಥವಾ ಅದಕ್ಕಿಂತ ಹೆಚ್ಚಿನ ಆಕ್ಟೇನ್ ಎಂದಷ್ಟೇ ಬರೆದಿದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಂದ ಬಿಎಸ್-6 ಮಾನದಂಡದ ಪೆಟ್ರೋಲಿನಲ್ಲಿ ಕನಿಷ್ಠ 91 ಇರಲೇಬೇಕು. ಅಂದರೆ ನನ್ನ ಗಾಡಿ ಕೇಳುವುದನ್ನು ನಾರ್ಮಲ್ ನಳಿಕೆಯೇ ಕೊಡುತ್ತದೆ.

ಆದರೂ ಪ್ರೀಮಿಯಂ ಹಾಕಿದರೆ ಪಿಕಪ್, ಮೈಲೇಜ್ ಎರಡೂ ಜಾಸ್ತಿ ಎಂದು ಹೇಳುವವರು ಬಹಳ. ಅದಕ್ಕೇ ಲೆಕ್ಕ ಬರೆದಿಟ್ಟೆ. ಒಂದೇ ಬಂಕಿನಲ್ಲಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಕಿಲೋಮೀಟರ್ ಗುರುತು ಹಾಕಿಕೊಂಡು, ಮತ್ತೆ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ ಭಾಗಿಸುವುದು. ಕೆಲವು ಟ್ಯಾಂಕ್ ನಾರ್ಮಲ್, ಕೆಲವು ಟ್ಯಾಂಕ್ ಪ್ರೀಮಿಯಂ. ಎಸಿ ಹಾಕಿದ ದಿನಕ್ಕೂ ಹಾಕದ ದಿನಕ್ಕೂ ಕಂಡ ವ್ಯತ್ಯಾಸ ಈ ಎರಡು ಪೆಟ್ರೋಲ್‌ಗಳ ನಡುವೆ ಕಾಣಲಿಲ್ಲ.

ವ್ಯತ್ಯಾಸ ಎಷ್ಟಿದ್ದರೆ ಗಿಟ್ಟುತ್ತದೆ ಎಂಬುದನ್ನೂ ನೋಡಿ. ನಾರ್ಮಲ್ 103, ಪ್ರೀಮಿಯಂ 111 ಎಂದಿಟ್ಟುಕೊಳ್ಳೋಣ. ಲೀಟರಿಗೆ 16 ಕಿ.ಮೀ. ಕೊಡುವ ಗಾಡಿ ಪ್ರೀಮಿಯಂನಲ್ಲಿ ಸುಮಾರು 17.25 ಕಿ.ಮೀ. ಕೊಟ್ಟರೆ ಮಾತ್ರ ಸಮಸಮ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರು 625 ಲೀಟರ್ ಹಾಕಿಸುತ್ತಾರೆ. ಎಂಟು ರೂಪಾಯಿಯಂತೆ 5,000 ರೂಪಾಯಿ ಹೆಚ್ಚುವರಿ. 1,000ದಿಂದ 1,500 ಸಿಸಿ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ಕಂತು, ತೆರಿಗೆ ಬಿಟ್ಟು, 3,416 ರೂಪಾಯಿ. ಒಂದು ವರ್ಷದ ವಿಮೆ ಕಟ್ಟಿ ಮಿಗುವಷ್ಟು ಹಣವನ್ನು ಎಂಜಿನ್ ಕೇಳದ ಗುಣಕ್ಕೆ ಕೊಟ್ಟಂತಾಯಿತು.

ಈಗ ಎಥೆನಾಲ್ ವಿಚಾರ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಇ10ಕ್ಕೆ ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2, ಹಳೆಯ ಕಾರುಗಳಲ್ಲಿ ಶೇ 6ರಿಂದ 7ರವರೆಗೆ ಎಂದು 2021ರ ನೀತಿ ಆಯೋಗದ ವರದಿ ಅಂದಾಜಿಸಿತ್ತು. ಆದರೆ ಎಥೆನಾಲ್‌ನ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು. ಇದರಿಂದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಎಂದು 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಹೀಗಿರುವಾಗ 95 ಎಂಬ ಅಂಕಿಗಾಗಿ ಹೆಚ್ಚು ಕೊಡಲು ಉಳಿದ ಕಾರಣ ಇನ್ನೂ ಕಡಿಮೆ. ಎಥೆನಾಲ್ ತಪ್ಪಿಸಿಕೊಳ್ಳಲೆಂದು ಪ್ರೀಮಿಯಂ ಹಾಕಿಸುವವರೂ ಇದ್ದಾರೆ. ಎಕ್ಸ್‌ಪಿ 95ರಲ್ಲೂ ಎಥೆನಾಲ್ ಇದೆ ಎಂಬುದು ಅವರಿಗೆ ತಿಳಿದಿರಲಿ.

ಹಾಗಾದರೆ ಪ್ರೀಮಿಯಂ ಯಾರಿಗೆ? ಪುಸ್ತಕದಲ್ಲಿ 97ರಂತೆ 95ಕ್ಕಿಂತ ಹೆಚ್ಚಿನ ಆಕ್ಟೇನ್ ಬೇಕೆಂದು ಸ್ಪಷ್ಟವಾಗಿ ಬರೆದಿರುವ ಟರ್ಬೊ, ದುಬಾರಿ ಕಾರುಗಳಿಗೆ. ಅಂಥವರು ಬೆಲೆಗೆ ಹಿಂದೆಮುಂದೆ ನೋಡದೆ ಅಷ್ಟು ಆಕ್ಟೇನ್ ಇರುವುದನ್ನೇ ಹಾಕಿಸಬೇಕು. ಆಕ್ಟೇನ್ ಸಾಲದಿದ್ದರೆ ಈಗಿನ ಎಂಜಿನ್ನಿನ ಕಂಪ್ಯೂಟರ್ ನಾಕಿಂಗ್ ಗುರುತಿಸಿ ಕಿಡಿಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ತಗ್ಗುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದನಪಲ್ಲಿ, ಪೀಲೇರು ದಾರಿಯಲ್ಲಿ ತಿರುಪತಿಗೆ ಹೋಗುವಾಗ ತಿರುಮಲದ ಘಾಟಿಯಲ್ಲಿ ನಾರ್ಮಲ್ ಪೆಟ್ರೋಲಿನ ಸಣ್ಣ ಕಾರು ಟಕಟಕ ಅಂದರೆ ಮೊದಲು ಒಂದು ಗೇರ್ ಇಳಿಸಿ. ಸಪಾಟು ರಸ್ತೆಯಲ್ಲೂ ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸಿ. ದುಬಾರಿ ಪೆಟ್ರೋಲ್ ಆ ಸದ್ದನ್ನು ಅಡಗಿಸಬಹುದು, ಅದರ ಮೂಲವನ್ನು ಸರಿಪಡಿಸುವುದಿಲ್ಲ. ಪ್ರೀಮಿಯಂನಲ್ಲಿ ಎಂಜಿನ್ ಶುಚಿಗೊಳಿಸುವ ರಾಸಾಯನಿಕ ಇರುತ್ತದೆ ಎಂದು ಕಂಪನಿಗಳು ಹೇಳುವುದೂ ಉಂಟು. ಅದಕ್ಕಾಗಿ ಯಾವಾಗಲೋ ಒಂದು ಟ್ಯಾಂಕ್ ಹಾಕಿಸಿದರೆ ನನ್ನ ತಕರಾರಿಲ್ಲ. ಪ್ರತಿ ಸಲವೂ ಬೇಡ.

ಪೆಟ್ರೋಲ್ ಮೇಲೆ ಕಾಳಜಿ ತೋರಲು ಇದಕ್ಕಿಂತ ಒಳ್ಳೆಯ ಜಾಗಗಳಿವೆ. ಅಳತೆ ಮೇಲೆ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. 25 ಮಿಲಿಲೀಟರ್‌ಗಿಂತ ಹೆಚ್ಚು ಕಡಿಮೆ ಬರುವಂತಿಲ್ಲ. ಕಲಬೆರಕೆಯ ಸಂಶಯಕ್ಕೆ ಫಿಲ್ಟರ್ ಪೇಪರ್ ಕೇಳಿ: ಒಂದು ಹನಿ ಬಿಟ್ಟರೆ ಕಲೆ ಉಳಿಯದೆ ಆರಬೇಕು. ಟೈರಿನ ಗಾಳಿ ಬಂಕಿನಲ್ಲಿ ಪುಕ್ಕಟೆ. ಅದು ಕಡಿಮೆಯಾದರೆ ಮೈಲೇಜೂ ಹೋಗುತ್ತದೆ, ಟೈರೂ ಸವೆಯುತ್ತದೆ.

ಈ ತಿಂಗಳು ಒಂದೇ ಕೆಲಸ ಮಾಡಿ. ಗಾಡಿಯ ಪುಸ್ತಕ ತೆಗೆದು, ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಮೈ ನೋಡಿ, ಆಕ್ಟೇನ್ ಸಂಖ್ಯೆ ಎಷ್ಟಿದೆ ಎಂದು ಓದಿಕೊಳ್ಳಿ. 91 ಎಂದಿದ್ದರೆ ಬಂಕಿನಲ್ಲಿ ಅಳುಕದೆ "ನಾರ್ಮಲ್ ಹಾಕಪ್ಪ" ಅನ್ನಿ. ಉಳಿದ 5,000 ರೂಪಾಯಿ ಮುಂದಿನ ವಿಮೆಗೂ ಟೈರಿಗೂ ಆಗುತ್ತದೆ.