ಥೀಮ್ ಪಾರ್ಕಿಗೆ ಪುಟ್ಟ ಮಗುವೂ ಹೊರಟಿದೆಯೆ?

ಬೇಸಿಗೆ ರಜೆ ಬಂತೆಂದರೆ ಮನೆಯ ಮಕ್ಕಳದು ಒಂದೇ ವರಾತ, ವಾಟರ್ ಪಾರ್ಕಿಗೆ ಹೋಗಬೇಕು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಆರಂಭವಾಯಿತು. ಮೈಸೂರಿನಲ್ಲಿ ಕೆ.ಆರ್.ಎಸ್. ರಸ್ತೆಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಇಂಥ ಕಡೆಗೆ ಹಾಸನ, ಮಂಡ್ಯ, ತುಮಕೂರುಗಳಿಂದಲೂ ಬೆಳಗಿನ ಜಾವವೇ ಎದ್ದು, ವ್ಯಾನು ಮಾಡಿಕೊಂಡು, ಮನೆಮಂದಿಯೆಲ್ಲ ಹೊರಡುವುದುಂಟು. ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಅದು ಸಂಭ್ರಮದ ದಿನ. ಯೋಚನೆ ಮಾಡಬೇಕಾದದ್ದು ಆ ಗುಂಪಿನಲ್ಲಿ ಒಂದೂವರೆ-ಎರಡು ವರ್ಷದ ಮಗುವೂ ಇದ್ದಾಗ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪ್ರವಾಸ ಆ ಪುಟ್ಟ ಮಗುವಿಗಾಗಿ ಅಲ್ಲ. ಎರಡು ವರ್ಷದಲ್ಲಿ ಕಂಡದ್ದು ದೊಡ್ಡವರಾದ ಮೇಲೆ ನಮಗಾರಿಗೂ ನೆನಪಿರುವುದಿಲ್ಲ. ಮಗುವಿಗೆ ಮನೆಯಂಗಳದ ಬಕೆಟ್ ನೀರೂ ಒಂದು ಹಿಡಿ ಮರಳೂ ಅಷ್ಟೇ ಸಂತೋಷ ಕೊಡುತ್ತವೆ. ಹೋಗುತ್ತಿರುವುದು ಅಣ್ಣ ಅಕ್ಕಂದಿರಿಗಾಗಿ, ನಮಗಾಗಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಒಪ್ಪಿಕೊಂಡರೆ, "ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಎಲ್ಲವನ್ನೂ ತೋರಿಸಬೇಕು" ಎಂದು ಮಗುವನ್ನು ಬಿಸಿಲಿನಲ್ಲಿ ಎಳೆದಾಡುವ ಪ್ರಮೇಯ ಬರುವುದಿಲ್ಲ.

ಮಗುವಿನ ಗಡಿಯಾರ

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ನಸುಕಿನ ನಾಲ್ಕು ಗಂಟೆಗೆ ಎಬ್ಬಿಸಿ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಅದರಲ್ಲಿ ಅರ್ಧವೂ ದಕ್ಕುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮಗು ರಚ್ಚೆ ಹಿಡಿದರೆ ಅದು ಹಟವಲ್ಲ, ನಿದ್ದೆಗೇಡು. ದೂರದಿಂದ ಬರುವವರು ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ಉಳಿದುಕೊಳ್ಳುವುದು ಒಳ್ಳೆಯದು. ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಹೋಗಿ. ಹನ್ನೆರಡರಿಂದ ಮೂರರವರೆಗೆ, ಬಿಸಿಲು ಏರಿದ ಹೊತ್ತಿನಲ್ಲಿ, ನೆರಳಿರುವ ಜಾಗದಲ್ಲಿ ಮಗುವಿಗೆ ಊಟ ಮಾಡಿಸಿ ಮಲಗಿಸಿ. ಹಾಸಲು ಒಂದು ಹಳೆಯ ಹತ್ತಿ ಸೀರೆ ಇದ್ದರೆ ಸಾಕು.

ಆ ಮೂರು ಗಂಟೆ ಮಗುವಿನ ಬಳಿ ಕೂರುವವರು ಯಾರು? ಹೇಳದಿದ್ದರೆ ಅಮ್ಮನೋ ಅಜ್ಜಿಯೋ ದಿನವಿಡೀ ಬ್ಯಾಗು ಕಾಯುತ್ತಾ ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರೂ ಟಿಕೆಟ್ ಕೊಂಡು ಒಳಗೆ ಬಂದವರೇ. ಪಾಳಿ ಹಾಕಿಕೊಳ್ಳಿ, ಅದರಲ್ಲಿ ಗಂಡಸರ ಹೆಸರೂ ಇರಲಿ.

ಎತ್ತರದ ಪಟ್ಟಿ

ಪ್ರತಿ ಆಟದ ಮುಂದೆಯೂ ಇಷ್ಟು ಎತ್ತರ ಇರಬೇಕೆಂಬ ಫಲಕ ಇರುತ್ತದೆ. ಅದು ವಯಸ್ಸಿನ ಲೆಕ್ಕವಲ್ಲ. ಆಸನದ ಮುಂದಿನ ಅಡ್ಡಕಂಬಿ ಯಾವ ಅಳತೆಯ ದೇಹವನ್ನು ಹಿಡಿದು ನಿಲ್ಲಿಸಬಲ್ಲದು ಎಂಬ ಲೆಕ್ಕ. ದೊಡ್ಡವರ ತೊಡೆಗೆ ತಾಗಿ ನಿಲ್ಲುವ ಕಂಬಿಗೂ ತೊಡೆಯ ಮೇಲೆ ಕೂತ ಮಗುವಿಗೂ ನಡುವೆ ಜಾಗ ಉಳಿಯುತ್ತದೆ, ಮಗು ಆ ಸಂದಿಯಲ್ಲಿ ಜಾರಬಹುದು. ಕಾವಲಿನವನ ಕಣ್ಣು ತಪ್ಪಿಸಿ, ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಒಳಗೆ ಬಿಡಿಸಿಕೊಳ್ಳುವ ಜಾಣತನ ಬೇಡ. ಹೊರಡುವ ಮುನ್ನ ಮನೆಯ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಪಾರ್ಕಿಗೆ ಫೋನ್ ಮಾಡಿ ಆ ಎತ್ತರದ ಮಗುವಿಗೆ ಯಾವ ಆಟಗಳಿವೆ, ಮಗುವಿನ ಆಹಾರ ಒಳಗೆ ಬಿಡುತ್ತಾರೆಯೇ, ಹಾಲೂಡಿಸಲು ಕೋಣೆ ಇದೆಯೇ ಎಂದು ಕೇಳಿ. ಆನೆ-ಕರಡಿಯ ವೇಷ ತೊಟ್ಟವರನ್ನು ಕಂಡು ಮಗು ಹೆದರಿ ಅತ್ತರೆ ಫೋಟೋಕ್ಕಾಗಿ ಬಲವಂತ ಮಾಡಬೇಡಿ. ಆ ವಯಸ್ಸಿಗೆ ಅದು ನಿಜವಾದ ಕರಡಿಯೇ.

ಹನ್ನೊಂದು ಜನರ ನಡುವೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಎರಡು ವರ್ಷದ ಮಗನನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಬೇರೆ ರಾಜ್ಯದ ಒಂದು ವಾಟರ್ ಪಾರ್ಕಿಗೆ ಕುಟುಂಬದ ಹನ್ನೊಂದು ಮಂದಿ ಹೋಗಿದ್ದರಂತೆ. ಮಕ್ಕಳ ಕೊಳ, ನೀರು ದೊಡ್ಡವರ ಮೊಣಕಾಲಿಗೂ ಬಾರದು. ಮಗು ಮುಗ್ಗರಿಸಿ ನೀರಿಗೆ ಮುಖವಿಟ್ಟು ಬಿದ್ದಿದೆ. ಎತ್ತಿದವರು ಪಕ್ಕದಲ್ಲಿದ್ದ ಬೇರೆ ಯಾರೋ. ಮಗು ಕೆಮ್ಮಿ ಅತ್ತು ಸರಿಹೋಯಿತು. ತಾಯಿ ಮಾತ್ರ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಡಾಕ್ಟ್ರೇ, ನಾನು ಅತ್ತೆ ನೋಡ್ತಿದಾರೆ ಅಂದ್ಕೊಂಡೆ, ಅತ್ತೆ ಇವರು ನೋಡ್ತಿದಾರೆ ಅಂದ್ಕೊಂಡ್ರು. ಹನ್ನೊಂದು ಜನ ಇದ್ವಿ."

ಅಪಾಯ ಇರುವುದೇ ಇಲ್ಲಿ. ಮನೆಯಲ್ಲಿ ಒಬ್ಬರೇ ಇದ್ದಾಗ ಮಗುವಿನ ಮೇಲೆ ಕಣ್ಣಿಟ್ಟಿರುತ್ತೇವೆ. ಜನ ಹೆಚ್ಚಾದಂತೆ ಆ ಕಣ್ಣು ಸಡಿಲವಾಗುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಮುಳುಗುವ ಮಗು ಕೈ ಬಡಿಯುವುದಿಲ್ಲ, ಕೂಗುವುದಿಲ್ಲ. ಈ ವಯಸ್ಸಿನಲ್ಲಿ ದೇಹದ ಅಳತೆಗೆ ಹೋಲಿಸಿದರೆ ತಲೆ ಭಾರ. ಬಿದ್ದರೆ ಮುಖ ಎತ್ತಿಕೊಳ್ಳಲು ಬಾರದು. ಕೆಲವೇ ಅಂಗುಲ ನೀರು ಸಾಕು, ಒಂದೆರಡು ನಿಮಿಷ ಸಾಕು, ಸದ್ದೇ ಇರುವುದಿಲ್ಲ. ಜೀವರಕ್ಷಕ ಸಿಬ್ಬಂದಿ ಇದ್ದಾರಲ್ಲ ಎನ್ನಬೇಡಿ. ನೂರಾರು ತಲೆಗಳನ್ನು ನೋಡುವ ಅವರಿಗೆ ನಿಮ್ಮ ಮಗುವೊಂದೇ ಕಾಣುವುದಿಲ್ಲ. ತೋಳಿಗೆ ಕಟ್ಟುವ ಗಾಳಿಚೀಲಗಳೂ ಆಟದ ಸಾಮಾನುಗಳೇ, ಜಾರಿಹೋಗುತ್ತವೆ.

ಆದ್ದರಿಂದ ನೀರಿಗಿಳಿಯುವ ಮೊದಲು ಒಬ್ಬರ ಹೆಸರು ಹೇಳಿ. "ಈಗಿನಿಂದ ಹದಿನೈದು ನಿಮಿಷ ಮಗು ಚಿಕ್ಕಪ್ಪನದು" ಎಂದು ಬಾಯಿಬಿಟ್ಟು ಹೇಳಬೇಕು. ಆ ಹದಿನೈದು ನಿಮಿಷ ಚಿಕ್ಕಪ್ಪನ ಕೈಯಲ್ಲಿ ಮೊಬೈಲ್ ಇರಕೂಡದು, ಮಗು ಕೈಯಳತೆಯಲ್ಲೇ ಇರಬೇಕು. ಪಾಳಿ ಬದಲಾಗುವಾಗ ಮಗುವನ್ನು ಕೈಯಿಂದ ಕೈಗೆ ಕೊಡಬೇಕು. ನೋಡಲು ತಮಾಷೆಯೆನಿಸಬಹುದು, ಆದರೂ ಮಾಡಿ. ಮಗುವಿಗೆ ಕಿತ್ತಳೆ ಅಥವಾ ಕೆಂಪು ಬಣ್ಣದ ಉಡುಪು ತೊಡಿಸಿ. ತಿಳಿನೀಲಿ, ಬಿಳಿ ಬಣ್ಣಗಳು ಕೊಳದ ನೀರಿನೊಳಗೆ ಕಣ್ಣಿಗೆ ಕಾಣುವುದೇ ಇಲ್ಲ. ಅಲೆ ಬರುವ ಕೊಳಕ್ಕೆ ಮೂರು ವರ್ಷದೊಳಗಿನವರನ್ನು ಕರೆದೊಯ್ಯದಿರುವುದೇ ಲೇಸು.

ಒಂದು ವೇಳೆ ನೀರಿನಿಂದ ಎತ್ತಿದ ಮಗು ಉಸಿರಾಡದಿದ್ದರೆ ಅದನ್ನು ತಲೆಕೆಳಗು ಮಾಡಿ ತೂಗುವುದು, ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ನಮ್ಮ ಕಡೆ ಈ ರೂಢಿ ಇನ್ನೂ ಇದೆ, ಅದರಿಂದ ಅಮೂಲ್ಯ ನಿಮಿಷಗಳು ಹೋಗುತ್ತವೆ. ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಕೂಡಲೇ ಆರಂಭಿಸಬೇಕು. ಇನ್ನೊಬ್ಬರು ಸಿಬ್ಬಂದಿಯನ್ನು ಕರೆದು 108ಕ್ಕೆ ಫೋನ್ ಮಾಡಲಿ. ಇದನ್ನು ಕಲಿಸುವ ತರಬೇತಿಗಳಿವೆ, ಮನೆಯಲ್ಲಿ ಒಬ್ಬರಾದರೂ ಕಲಿತಿರಿ. ನೀರು ಕುಡಿದ ಮಗು ಚೇತರಿಸಿಕೊಂಡರೂ, ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ಮಂಕಾದರೆ ಅಂದೇ ಆಸ್ಪತ್ರೆಗೆ ತೋರಿಸಿ.

ನೀರಿನ ಇನ್ನೊಂದು ಮುಖ

ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಬೇಡಿ. ಕ್ರಿಪ್ಟೋಸ್ಪೋರಿಡಿಯಂ ಎಂಬ ಸೂಕ್ಷ್ಮಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಭೇದಿ ನಿಂತ ಮೇಲೂ ಎರಡು ವಾರ ಕಾಯುವುದು ಕ್ಷೇಮ. ಇದು ನಿಮ್ಮ ಮಗುವಿಗಿಂತ ಹೆಚ್ಚಾಗಿ ಪಕ್ಕದ ಮನೆಯವರ ಮಗುವಿನ ವಿಷಯ. ಡಯಾಪರ್ ಹಾಕಿದ್ದರೆ ಗಂಟೆಗೊಮ್ಮೆ ತೆಗೆದು ನೋಡಿ, ಬದಲಿಸುವುದನ್ನು ಶೌಚಾಲಯದಲ್ಲೇ ಮಾಡಿ, ಕೊಳದ ದಂಡೆಯಲ್ಲಲ್ಲ.

ನೀರಿನಲ್ಲಿರುವ ಮಗುವಿಗೂ ನೀರಡಿಕೆಯಾಗುತ್ತದೆ. ಆದರೆ ಅದು ಬಾಯಿಬಿಟ್ಟು ಕೇಳುವುದಿಲ್ಲ. ಅರ್ಧ ಗಂಟೆಗೊಮ್ಮೆ ಕಾಯಿಸಿ ಆರಿಸಿದ ನೀರು, ಮಜ್ಜಿಗೆ, ಎಳನೀರು ಸ್ವಲ್ಪ ಸ್ವಲ್ಪ ಕೊಡಿ. ಎದೆಹಾಲು ಕುಡಿಯುವ ಮಗುವಿಗೆ ಹೆಚ್ಚು ಬಾರಿ ಹಾಲೂಡಿಸಿ. ಆರು ಗಂಟೆಯಾದರೂ ಮಗು ಮೂತ್ರ ಮಾಡದಿದ್ದರೆ, ತುಟಿ ಒಣಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಆಟ ನಿಲ್ಲಿಸಿ ವೈದ್ಯರನ್ನು ಕಾಣಿ. ನಿಲ್ಲಿಸಿದ ಕಾರಿನಲ್ಲಿ ಮಲಗಿರಲಿ ಎಂದು ಮಗುವನ್ನು ಒಂದು ಕ್ಷಣವೂ ಬಿಟ್ಟುಹೋಗಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತು-ಹದಿನೈದು ನಿಮಿಷದಲ್ಲೇ ಹತ್ತು ಡಿಗ್ರಿಯಷ್ಟು ಏರಬಲ್ಲದು.

ಚೀಲದಲ್ಲಿ ಓ.ಆರ್.ಎಸ್. ಪೊಟ್ಟಣ ಇರಲಿ. ಆದರೆ ಅಂಗಡಿಯಲ್ಲಿ ಸಿಹಿ ಪಾನೀಯಗಳೇ ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಸಿಹಿ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ 20.5 ಗ್ರಾಂ, ಒಂದು ಲೀಟರ್ ನೀರಿಗೆ. ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಎಷ್ಟು ನೀರೆಂದು ಓದಿಯೇ ಕಲಸಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೂ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಿ.

ಚೀಲದಲ್ಲಿ ಇನ್ನೇನು?

ಇಡ್ಲಿ, ಬಾಳೆಹಣ್ಣು, ಮೆತ್ತಗಿನ ಚಪಾತಿ ಒಳ್ಳೆಯವು. ಮೊಸರನ್ನ ಬಿಸಿಲಿಗೆ ಬೇಗ ಹುಳಿಯುತ್ತದೆ, ತಂದರೆ ಬೆಳಗ್ಗೆಯೇ ಮುಗಿಸಿ. ಕಡಲೆಕಾಯಿ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ ಈ ವಯಸ್ಸಿಗೆ ಬೇಡವೇ ಬೇಡ. ಓಡುತ್ತಾ ನಗುತ್ತಾ ತಿನ್ನುವ ಮಗುವಿನ ಶ್ವಾಸನಾಳಕ್ಕೆ ಕಡಲೆಬೀಜ ಸೇರುವುದನ್ನು ಮಕ್ಕಳ ವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ.

ಜ್ವರದ ಪ್ಯಾರಾಸೆಟಮಾಲ್ ಸಿರಪ್ ಒಯ್ಯುವವರು ಬಾಟಲಿಯ ಮೇಲಿನ ಅಂಕಿ ನೋಡಿ. 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹತ್ತು ಕಿಲೋ ತೂಕದ ಮಗುವಿಗೆ ಒಮ್ಮೆಗೆ ಬೇಕಾದದ್ದು 100ರಿಂದ 150 ಮಿಲಿಗ್ರಾಂ. ಅಣ್ಣನ ಬಾಟಲಿಯಿಂದ ತಮ್ಮನಿಗೆ ಅದೇ ಚಮಚದಲ್ಲಿ ಹಾಕಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಪ್ರಯಾಣದ ವಾಂತಿ ಎರಡು ವರ್ಷದೊಳಗೆ ಅಪರೂಪ. ನಿದ್ದೆ ಬರಿಸುವ ವಾಂತಿ ಔಷಧಗಳನ್ನು ಆ ವಯಸ್ಸಿಗೆ ಕೇಳದೆ ಕೊಡಬೇಡಿ.

ಬೆಳಗ್ಗೆ ಬಾಗಿಲಲ್ಲೇ ಮಗುವಿನ ಒಂದು ಫೋಟೋ ತೆಗೆದುಕೊಳ್ಳಿ. ಗುಂಪಿನಲ್ಲಿ ತಪ್ಪಿಹೋದರೆ ಯಾವ ಬಣ್ಣದ ಅಂಗಿ ಎಂಬುದು ಗಾಬರಿಯಲ್ಲಿ ನೆನಪಾಗುವುದಿಲ್ಲ. ತೋಳಿನ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ, ನೀರಿನಿಂದ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ.

ವಾಪಸಾಗುವಾಗ ಎಲ್ಲರಿಗೂ ದಣಿವು, ಚಾಲಕನಿಗೂ. ಮಗು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಲಗುವುದು ಬೇಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇರಬೇಕೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಹೊರಡುವ ಮುನ್ನ ಒದ್ದೆ ಬಟ್ಟೆ ಬಿಚ್ಚಿ, ಶುದ್ಧ ನೀರಿನಲ್ಲಿ ಮೈ ತೊಳೆಸಿ, ಹತ್ತಿ ಬಟ್ಟೆ ಹಾಕಿ. ಮುಂದಿನ ಹತ್ತು ದಿನದಲ್ಲಿ ನೀರುಭೇದಿ, ಕಣ್ಣು ಕೆಂಪು ಅಥವಾ ಕಿವಿನೋವು ಕಂಡರೆ ವೈದ್ಯರಿಗೆ ತೋರಿಸುವಾಗ "ವಾಟರ್ ಪಾರ್ಕಿಗೆ ಹೋಗಿದ್ದೆವು" ಎಂಬುದನ್ನು ಮರೆಯದೆ ಹೇಳಿ.