ಅಮಲಿಲ್ಲದ ಬಟ್ಟಲು

ಹಿಂಡಿಟ್ಟ ದ್ರಾಕ್ಷಿಯ ರಸವು ತನ್ನ ಪಾಡಿಗೆ ತಾನು ಸುಮ್ಮನಿರುವುದಿಲ್ಲ. ಒಂದೆರಡು ದಿನಗಳಲ್ಲಿ ಅದರ ಮೇಲೆ ನೊರೆ ಕಾಣಿಸಿಕೊಳ್ಳುತ್ತದೆ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಸಿಹಿ ಕುಗ್ಗಿ ತೀಕ್ಷ್ಣವಾದ ವಾಸನೆಯೊಂದು ಹುಟ್ಟುತ್ತದೆ. ರಸವು ಮದ್ಯವಾಗುವುದು ನಿಸರ್ಗದಲ್ಲಿ ತಾನಾಗಿ ನಡೆಯುವ ಕ್ರಿಯೆ. ಅದು ರಸವಾಗಿಯೇ ಉಳಿಯಬೇಕಾದರೆ ಮನುಷ್ಯನು ಶ್ರಮಪಡಬೇಕು. ಆದ ಮದ್ಯದಿಂದ ಅಮಲಿನ ಅಂಶವನ್ನು ಮಾತ್ರ ಬೇರ್ಪಡಿಸಿ ಉಳಿದ ರುಚಿಯನ್ನು ಕಾಪಾಡಬೇಕೆಂದರೆ ಇನ್ನೂ ಹೆಚ್ಚಿನ ಶ್ರಮ ಬೇಕು.

ಇಂಥ ಶ್ರಮವೇಕೆ ಎಂದು ವಾಚಕರು ಕೇಳಬಹುದು. ಮದ್ಯಪಾನವು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ನಿರ್ಣಯಿಸಿತು. ಆರೋಗ್ಯದ ದೃಷ್ಟಿಯಿಂದ ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸಾರಿತು. ಪಾಶ್ಚಾತ್ಯ ದೇಶಗಳಲ್ಲಿ ಊಟದ ಜೊತೆಗೆ ದ್ರಾಕ್ಷಾಮದ್ಯವನ್ನೂ ಬಿಯರನ್ನೂ ಕುಡಿಯುವುದು ಹಳೆಯ ರೂಢಿ. ಅದನ್ನು ಬಿಟ್ಟವರಿಗೆ ಬದಲಾಗಿ ದೊರೆಯುತ್ತಿದ್ದುದು ಹೆಚ್ಚಾಗಿ ಸಕ್ಕರೆಯ ನೀರು. ಅದು ಊಟಕ್ಕೆ ಒಗ್ಗುವುದಿಲ್ಲ, ಒಂದು ಲೋಟದ ಮೇಲೆ ಬೇಡವೆನಿಸುತ್ತದೆ ಎಂಬುದು ಅವರ ದೂರು. ಇದು ಬರಿಯ ಅಭ್ಯಾಸದ ಮಾತೆ, ಅಥವಾ ಇದರ ಹಿಂದೆ ರಸಾಯನಶಾಸ್ತ್ರದ ಕಾರಣವೇನಾದರೂ ಉಂಟೆ? ಈ ಪ್ರಶ್ನೆಯನ್ನೇ ಇಲ್ಲಿ ವಿಚಾರಮಾಡೋಣ.

ಹುದುಗುವಿಕೆಯ ಲೆಕ್ಕ

ಯೀಸ್ಟ್ ಎಂಬುದು ಏಕಕೋಶದ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ಒಡೆದು ತನ್ನ ಬಾಳಿಗೆ ಬೇಕಾದ ಶಕ್ತಿಯನ್ನು ಪಡೆಯುತ್ತದೆ. ಆಗ ಉಳಿಯುವ ಮುಖ್ಯ ಪದಾರ್ಥಗಳು ಎರಡು: ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡು. 180 ಗ್ರಾಂ ಗ್ಲೂಕೋಸಿನಿಂದ ಲೆಕ್ಕದ ಪ್ರಕಾರ 92 ಗ್ರಾಂ ಮದ್ಯಸಾರವೂ 88 ಗ್ರಾಂ ಅನಿಲವೂ ಹುಟ್ಟಬೇಕು. ಲೀಟರಿಗೆ ಸುಮಾರು 200 ಗ್ರಾಂ ಸಕ್ಕರೆಯುಳ್ಳ ದ್ರಾಕ್ಷಿಯ ರಸವು ಪೂರ್ತಿಯಾಗಿ ಹುದುಗಿದರೆ, ಗಾತ್ರದಲ್ಲಿ ಶೇಕಡ 12ರಷ್ಟು ಮದ್ಯಸಾರವುಳ್ಳ ದ್ರಾಕ್ಷಾಮದ್ಯವಾಗುತ್ತದೆ.

ಆದರೆ ಯೀಸ್ಟ್ ಮಾಡುವ ಕೆಲಸ ಇಷ್ಟೇ ಅಲ್ಲ. ಅದು ಗ್ಲಿಸರಾಲನ್ನೂ ಹಲವು ಆಮ್ಲಗಳನ್ನೂ ಹಣ್ಣಿನ ಕಂಪನ್ನು ಹೋಲುವ ಎಸ್ಟರುಗಳನ್ನೂ ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ಹಸಿ ರಸದಲ್ಲಿದ್ದ ಕೆಲವು ವಾಸನೆಗಳನ್ನು ಅಳಿಸಿಹಾಕುತ್ತದೆ. ಸಕ್ಕರೆಯನ್ನು ತಿಂದು ಮುಗಿಸುವುದರಿಂದ ಹುಳಿ, ಕಹಿ, ಒಗರುಗಳು ಎದ್ದು ತೋರುತ್ತವೆ. ಆದುದರಿಂದ ಹುದುಗಿದ ಪಾನೀಯದ ರುಚಿಯು ಹಸಿ ರಸದ ರುಚಿಗಿಂತ ಬಹು ದೂರ ಸಾಗಿರುತ್ತದೆ.

ಹುಟ್ಟದಂತೆ ತಡೆಯುವುದು

ಮದ್ಯಸಾರವಿಲ್ಲದ ಪಾನೀಯವನ್ನು ಪಡೆಯಲು ಮೊದಲನೆಯ ದಾರಿಯೆಂದರೆ ಅದು ಹುಟ್ಟದಂತೆಯೇ ನೋಡಿಕೊಳ್ಳುವುದು. ಹದವಾಗಿ ಕಾಯಿಸಿದರೆ ಪಾನೀಯವನ್ನು ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆಂದು ಫ್ರಾನ್ಸಿನ ಲೂಯಿ ಪಾಶ್ಚರನು 1860ರ ದಶಕದಲ್ಲಿ ತೋರಿಸಿಕೊಟ್ಟನು. ಅಮೆರಿಕದ ನ್ಯೂ ಜರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ತಾಮಸ್ ವೆಲ್ಚ್ ಎಂಬ ದಂತವೈದ್ಯನಿದ್ದನು. ಮೆಥೊಡಿಸ್ಟ್ ಪಂಥದ ಈತನಿಗೆ ಇಗರ್ಜಿಯ ಪ್ರಭುಭೋಜನದಲ್ಲಿ ಮದ್ಯವನ್ನು ಬಳಸುವುದು ಒಪ್ಪಿಗೆಯಿರಲಿಲ್ಲ. 1869ರಲ್ಲಿ ಆತನು ಪಾಶ್ಚರನ ತತ್ವವನ್ನು ಅನುಸರಿಸಿ ದ್ರಾಕ್ಷಿಯ ರಸವನ್ನು ಶಾಖದಿಂದ ಸಂರಕ್ಷಿಸಿದನು. ಹುದುಗದೆ ನಿಲ್ಲುವ ರಸದ ಉದ್ಯಮಕ್ಕೆ ಇದೇ ನಾಂದಿಯಾಯಿತು.

ಬಿಯರಿನ ವಿಷಯದಲ್ಲಿ ಉಪಾಯ ಬೇರೆ. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯ ಕಷಾಯದಲ್ಲಿ ಮಾಲ್ಟೋಸ್ ಎಂಬ ಸಕ್ಕರೆಯೇ ಹೆಚ್ಚು. ಸಾಕರೊಮೈಕೋಡಿಸ್ ಲುಡ್ವಿಗಿ ಎಂಬ ಒಂದು ಜಾತಿಯ ಯೀಸ್ಟ್ ಗ್ಲೂಕೋಸನ್ನು ಹುದುಗಿಸುತ್ತದೆ, ಮಾಲ್ಟೋಸನ್ನು ಮುಟ್ಟುವುದಿಲ್ಲ. ಇದನ್ನು ಬಳಸಿದರೆ ಕಂಪು ಒಂದಿಷ್ಟು ಹುಟ್ಟಿ, ಮದ್ಯಸಾರ ಕಡಮೆಯಾಗಿಯೇ ಉಳಿಯುತ್ತದೆ. ಸಾಮಾನ್ಯ ಯೀಸ್ಟನ್ನೇ ಹಾಕಿ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿಟ್ಟು, ಹುದುಗುವಿಕೆ ಮುಂದುವರಿಯದಂತೆ ತಡೆಹಿಡಿಯುವುದೂ ಉಂಟು. ಈ ಮಾರ್ಗಗಳಲ್ಲಿ ಒಂದು ಕೊರತೆಯಿದೆ. ಕಷಾಯದಲ್ಲಿರುವ ಕೆಲವು ಆಲ್ಡಿಹೈಡುಗಳನ್ನು ಯೀಸ್ಟ್ ಪೂರ್ತಿಯಾಗಿ ಅಳಿಸಲು ಕಾಲ ಸಾಲದೆ, ಪಾನೀಯದಲ್ಲಿ ಗಂಜಿಯಂಥ ಹಸಿ ವಾಸನೆಯೂ ಸಿಹಿಯೂ ನಿಂತುಬಿಡುತ್ತವೆ.

ಹುಟ್ಟಿದ ಮೇಲೆ ತೆಗೆಯುವುದು

ಎರಡನೆಯ ದಾರಿಯಲ್ಲಿ ಮದ್ಯವನ್ನು ಪೂರ್ತಿಯಾಗಿ ತಯಾರಿಸಿ, ಬಳಿಕ ಮದ್ಯಸಾರವನ್ನು ತೆಗೆದುಹಾಕುತ್ತಾರೆ. ಶುದ್ಧ ಮದ್ಯಸಾರವು 78 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ನೀರು 100 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಹಾಗಾದರೆ ಕುದಿಸಿದರೆ ಸಾಲದೆ? ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿದ್ದಾಗ, ಶೇಕಡ 0.5ಕ್ಕಿಂತ ಕಡಮೆ ಮದ್ಯಸಾರವುಳ್ಳ ಪಾನೀಯಕ್ಕೆ ಮಾತ್ರ ಅನುಮತಿಯಿತ್ತು. ಬಿಯರನ್ನು ಕಾಯಿಸಿ ಮದ್ಯಸಾರವನ್ನು ಹಾರಿಸಿದ ಪಾನೀಯಗಳು ಆಗ ಮಾರಾಟಕ್ಕೆ ಬಂದವು. ಆದರೆ ಮದ್ಯಸಾರದೊಡನೆ ಕಂಪೂ ಹಾರಿಹೋಗುತ್ತದೆ. ಉಳಿದುದಕ್ಕೆ ಬೇಯಿಸಿದ ವಾಸನೆ ಹತ್ತುತ್ತದೆ.

ಇಲ್ಲಿ ಭೌತಶಾಸ್ತ್ರದ ಒಂದು ಸರಳ ಪಾಠ ನೆರವಿಗೆ ಬಂದಿತು. ಬೆಟ್ಟದ ಮೇಲೆ ನೀರು ಬೇಗ ಕುದಿಯುವುದನ್ನು ವಿದ್ಯಾರ್ಥಿಗಳು ಬಲ್ಲರು. ಒತ್ತಡ ಇಳಿದಂತೆ ಕುದಿಬಿಂದುವೂ ಇಳಿಯುತ್ತದೆ. ಪಾತ್ರೆಯೊಳಗಿನ ಒತ್ತಡವನ್ನು 100 ಮಿಲಿಮೀಟರು ಪಾದರಸದಷ್ಟಕ್ಕೆ ಇಳಿಸಿದರೆ, ಮದ್ಯಸಾರವು ಸುಮಾರು 35 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಇದು ನಮ್ಮ ಮೈಯ ಶಾಖಕ್ಕಿಂತಲೂ ಕಡಮೆ! ಜರ್ಮನಿಯ ರ‍್ಯೂಡೆಸ್‌ಹೈಮಿನ ಕಾರ್ಲ್ ಯುಂಗ್ ಎಂಬ ದ್ರಾಕ್ಷಾಮದ್ಯದ ವ್ಯಾಪಾರಿಯು ಹೀಗೆ ಕಡಮೆ ಒತ್ತಡದಲ್ಲಿ ಮದ್ಯಸಾರವನ್ನು ತೆಗೆಯುವ ವಿಧಾನಕ್ಕೆ 1908ರಲ್ಲಿ ಹಕ್ಕುಪತ್ರ ಪಡೆದನು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಸ್ಟ್ರೇಲಿಯದಲ್ಲಿ ಸುಧಾರಣೆಗೊಂಡ ತಿರುಗುವ ಶಂಕುಗಳ ಯಂತ್ರವು ಇದೇ ತತ್ವದ ಮುಂದಿನ ಹೆಜ್ಜೆ. ಅದರಲ್ಲಿ ಪಾನೀಯವು ತೆಳುವಾದ ಪದರವಾಗಿ ಹರಡಿಕೊಳ್ಳುತ್ತದೆ. ಮೊದಲ ಸಲ ಕಂಪನ್ನು ಮಾತ್ರ ಹಿಡಿದಿಟ್ಟು, ಎರಡನೆಯ ಸಲ ಮದ್ಯಸಾರವನ್ನು ಹೊರಹಾಕಿ, ಕಡೆಗೆ ಆ ಕಂಪನ್ನು ಮರಳಿ ಬೆರೆಸುತ್ತಾರೆ.

ಶಾಖವನ್ನೇ ಬಳಸದ ಉಪಾಯವೂ ಒಂದುಂಟು. ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಮತ್ತು ಸಿಡ್ನಿ ಲೋಬ್ ಎಂಬ ವಿಜ್ಞಾನಿಗಳು ಸಮುದ್ರದ ನೀರನ್ನು ಸಿಹಿನೀರಾಗಿ ಮಾಡಲೆಂದು 1960ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಒಂದು ತೆಳುಪೊರೆಯನ್ನು ಸಿದ್ಧಪಡಿಸಿದರು. ಈ ಬಗೆಯ ಪೊರೆಗಳು ಬಿಯರಿನ ಕಾರ್ಖಾನೆಗೂ ಉಪಯೋಗಕ್ಕೆ ಬಂದಿವೆ. ಪಾನೀಯವನ್ನು ಪೊರೆಯ ಮೇಲೆ ಬಲವಾಗಿ ಒತ್ತಿದಾಗ ನೀರು, ಮದ್ಯಸಾರಗಳ ಪುಟ್ಟ ಅಣುಗಳು ಆಚೆಗೆ ತೂರುತ್ತವೆ. ಬಣ್ಣ, ಒಗರು, ಸಕ್ಕರೆಗಳ ದೊಡ್ಡ ಅಣುಗಳು ಈಚೆಗೇ ನಿಲ್ಲುತ್ತವೆ. ಕಳೆದುಹೋದ ನೀರನ್ನು ಮತ್ತೆ ತುಂಬಿದರೆ ಆಯಿತು. ಕಂಪಿನ ಸಣ್ಣ ಅಣುಗಳು ಕೆಲವು ಇಲ್ಲಿಯೂ ಜಾರಿಕೊಳ್ಳುತ್ತವೆಂಬುದು ನಿಜ.

ನಾಲಗೆಗೆ ತಿಳಿಯುವ ಕೊರತೆ

ಮದ್ಯಸಾರ ಹೋದ ಮೇಲೆ ಪಾನೀಯವು ಸಪ್ಪೆಯೆನಿಸುವುದೇಕೆ? ಅದು ಬಾಯಲ್ಲಿ ಹಲವು ಕೆಲಸಗಳನ್ನು ಒಮ್ಮೆಗೇ ಮಾಡುತ್ತಿತ್ತು. ಅದಕ್ಕೆ ತನ್ನದೇ ಆದ ಸಣ್ಣ ಸಿಹಿಯೂ ಕಹಿಯೂ ಉಂಟು. ನೀರು ಮದ್ಯಸಾರಗಳ ಮಿಶ್ರಣವು ಅವೆರಡರಲ್ಲಿ ಯಾವುದೊಂದಕ್ಕಿಂತಲೂ ಮಂದವಾಗಿ ಹರಿಯಬಲ್ಲದು. ಅದರಿಂದ ಬಾಯಿ ತುಂಬಿದಂತಾಗುತ್ತದೆ. ಕಂಪಿನ ಅಣುಗಳಲ್ಲಿ ಅನೇಕವು ನೀರಿಗಿಂತ ಮದ್ಯಸಾರದಲ್ಲಿ ಚೆನ್ನಾಗಿ ಕರಗುವುದರಿಂದ ಅವು ಒಂದೇ ಬಾರಿಗೆ ಹಾರದೆ ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತವೆ.

ಇದೆಲ್ಲಕ್ಕಿಂತ ಸೋಜಿಗವಾದುದು ಗಂಟಲಿನ ಉರಿ. ಸುಮಾರು 43 ಡಿಗ್ರಿಗೆ ಮೇಲ್ಪಟ್ಟ ಶಾಖವನ್ನು ನರಗಳಿಗೆ ತಿಳಿಸುವ ಒಂದು ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರು ತಮ್ಮ ಸಂಗಡಿಗರೊಡನೆ 1997ರಲ್ಲಿ ಗುರುತಿಸಿದರು. 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಮದ್ಯಸಾರದ ಸಮಕ್ಷಮದಲ್ಲಿ ಈ ಗ್ರಾಹಕವು ಇನ್ನೂ ಕಡಮೆ ಶಾಖಕ್ಕೇ ಎಚ್ಚರಗೊಳ್ಳುತ್ತದೆ. ಆಗ ಬಾಯಿಯ ಸಹಜ ಶಾಖವೇ ನಮಗೆ ಉರಿಯಾಗಿ ತೋರುತ್ತದೆ. ಮೆಣಸಿನಕಾಯಿ, ಕರಿಮೆಣಸು, ಶುಂಠಿಗಳ ಖಾರವನ್ನು ತಿಳಿಸುವುದೂ ಇದೇ ಗ್ರಾಹಕವೇ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯಿತು. ಸಿಹಿನೀರು ಊಟಕ್ಕೆ ಒಗ್ಗದೆಂಬ ದೂರಿನಲ್ಲಿ ಅಭ್ಯಾಸದ ಪಾಲಿದ್ದರೂ ರಸಾಯನಶಾಸ್ತ್ರದ ಪಾಲೂ ಇದೆ. ರೋಗವನ್ನು ಹೀಗೆ ಬಿಡಿಬಿಡಿಯಾಗಿ ಗುರುತಿಸಿದ ಮೇಲೆ ಮದ್ದನ್ನೂ ಬಿಡಿಬಿಡಿಯಾಗಿ ಹುಡುಕಬಹುದು.

ಮದ್ಯವಿಲ್ಲದೆಯೇ ಕಟ್ಟುವುದು

ಮೂರನೆಯ ದಾರಿ ಇದೇ. ಉರಿಗೆ ಶುಂಠಿ, ಕರಿಮೆಣಸು. ಒಗರಿಗೆ ಚಹದ ಕಷಾಯ. ಅದರ ಟ್ಯಾನಿನ್ ವರ್ಗದ ಪದಾರ್ಥಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಂಡು ನಾಲಗೆಯನ್ನು ಒಣಗಿಸುತ್ತವೆ. ಕೆಂಪು ದ್ರಾಕ್ಷಾಮದ್ಯದ ಬಿಗುವಿಗೂ ಇಂಥವೇ ಕಾರಣ. ಕಹಿಗೆ ಹಾಪ್ ಹೂವು ಅಥವಾ ಕ್ವಿನೈನು. ಚುರುಕಿಗೆ ಸೋಡದ ಗುಳ್ಳೆ. ಈ ಗುಳ್ಳೆಯ ಕಥೆಯೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಿಯರಿನ ಕಾರ್ಖಾನೆಯ ಮಗ್ಗುಲಿಗೆ ವಾಸವಾಗಿದ್ದ ಜೋಸೆಫ್ ಪ್ರೀಸ್ಟ್ಲಿಯು 1767ರಲ್ಲಿ, ಹುದುಗುತ್ತಿದ್ದ ಬಾನಿಗಳ ಮೇಲೆ ನಿಂತಿರುವ ಅನಿಲವನ್ನು ನೀರಿನಲ್ಲಿ ಕರಗಿಸಿ ನೋಡಿದನು. ಸೋಡದ ನೀರು ಹೀಗೆ ಬಿಯರಿನ ಬಾನಿಯಿಂದಲೇ ಹೊರಬಂದು ಮದ್ಯಪಾನ ಬಿಟ್ಟವರ ಬಟ್ಟಲನ್ನು ಸೇರಿತು.

ನಮ್ಮ ನಾಡಿನವರಿಗೆ ಈ ಜೋಡಣೆ ಹೊಸದಲ್ಲ. ಶ್ರೀರಾಮನವಮಿಯ ಪಾನಕದಲ್ಲಿ ಬೆಲ್ಲದ ಸಿಹಿಗೆ ನಿಂಬೆಯ ಹುಳಿ, ಶುಂಠಿ ಮೆಣಸುಗಳ ಖಾರ, ಏಲಕ್ಕಿಯ ಕಂಪು ಎದುರು ನಿಲ್ಲುತ್ತವೆ. ಉತ್ತರ ಕನ್ನಡದವರು ಮುರುಗಲು ಎಂದೂ ದಕ್ಷಿಣ ಕನ್ನಡದವರು ಪುನರ್ಪುಳಿ ಎಂದೂ ಕರೆಯುವ ಹಣ್ಣಿನ ಪಾನೀಯದಲ್ಲಿ ಗಾಢವಾದ ಕೆಂಪು ಬಣ್ಣವೂ ಚುರುಕಾದ ಹುಳಿಯೂ ಒಂದೆಡೆ ಸೇರಿವೆ. ಸಕ್ಕರೆಯನ್ನು ಕಡಮೆಮಾಡಿ, ಚಿಟಿಕೆ ಉಪ್ಪು ಸೇರಿಸಿದರೆ ಅದು ಊಟದ ಜೊತೆಗೂ ಸಲ್ಲುತ್ತದೆ.

ರುಚಿ ನೋಡುವ ಕ್ರಮ

ರುಚಿ ನೋಡುವುದಕ್ಕೂ ಶಾಸ್ತ್ರವುಂಟು. ಕಣ್ಣು, ಹೆಸರು, ಬೆಲೆ ಇವು ನಾಲಗೆಯನ್ನು ಮೋಸಗೊಳಿಸಬಲ್ಲವು. ಇದನ್ನು ತಪ್ಪಿಸಲು 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯವರು ತ್ರಿಕೋನ ಪರೀಕ್ಷೆಯನ್ನು ಬಳಕೆಗೆ ತಂದರು. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ, ಬೇರೆಯಾದುದನ್ನು ಗುರುತಿಸಬೇಕು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಮಾಡಿನೋಡಬಹುದು. ದ್ರಾಕ್ಷಿಯ ರಸಕ್ಕೆ ಒಂದೆಡೆ ಸಮಭಾಗ ನೀರನ್ನೂ ಇನ್ನೊಂದೆಡೆ ಸಮಭಾಗ ಹಾಲು ಹಾಕದ ತಣ್ಣನೆಯ ಚಹವನ್ನೂ ಬೆರೆಸಿರಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ನಡುನಡುವೆ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ, ಮೂರು ಲೋಟಗಳನ್ನು ಕೊಡಿರಿ. ಲೋಟಗಳ ಕ್ರಮವನ್ನು ಪ್ರತಿ ಸಲವೂ ಬದಲಾಯಿಸಿ ಆರು ಸಲ ಪರೀಕ್ಷಿಸಿರಿ. ಬರಿಯ ಊಹೆಯಿಂದ ಆರೂ ಸರಿಯಾಗುವ ಸಂಭವ 729ರಲ್ಲಿ 1 ಮಾತ್ರ. ಐದಾದರೂ ಸರಿಯಾಗುವ ಸಂಭವ 729ರಲ್ಲಿ 13. ಆದುದರಿಂದ ಐದು ಅಥವಾ ಆರು ಸರಿಯಾದರೆ ನಾಲಗೆ ನಿಜವಾಗಿಯೂ ಒಗರನ್ನು ಹಿಡಿದಿದೆಯೆಂದು ನಂಬಬಹುದು. ಬಳಿಕ ಚಹದ ಪಾಲನ್ನು ನಾಲ್ಕನೆಯ ಒಂದಕ್ಕೂ ಎಂಟನೆಯ ಒಂದಕ್ಕೂ ಇಳಿಸುತ್ತ, ಆ ಕೊರತೆಯನ್ನು ನೀರಿನಿಂದ ತುಂಬುತ್ತ ಹೋದರೆ, ಗುರುತು ಸಿಗದಂತಾಗುವ ಮಿತಿ ಗೊತ್ತಾಗುತ್ತದೆ.

ಎಚ್ಚರಿಕೆಯ ಮಾತು

ಮದ್ಯಸಾರರಹಿತವೆಂಬ ಮಾತಿಗೆ ಎಲ್ಲೆಡೆಯೂ ಸೊನ್ನೆಯೆಂದು ಅರ್ಥವಲ್ಲ. ಜರ್ಮನಿಯಲ್ಲಿ ಶೇಕಡ 0.5ರವರೆಗೆ ಇರುವ ಬಿಯರನ್ನು ಹಾಗೆ ಕರೆಯುತ್ತಾರೆ. ಶೇಕಡ 5ರ 330 ಮಿಲಿಲೀಟರು ಬಿಯರಿನಲ್ಲಿ ಸುಮಾರು 13 ಗ್ರಾಂ ಮದ್ಯಸಾರವಿದ್ದರೆ, ಶೇಕಡ 0.5ರದರಲ್ಲಿ 1.3 ಗ್ರಾಂ ಮಾತ್ರ. ವಯಸ್ಕರ ದೇಹವು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಕರಗಿಸಿಕೊಳ್ಳಬಲ್ಲುದಾದ್ದರಿಂದ ಇದರಿಂದ ಅಮಲೇರದು. ಆದರೂ ಗರ್ಭಿಣಿಯರೂ, ಮತಧರ್ಮದ ನಿಯಮದಿಂದ ಮದ್ಯವನ್ನು ಪೂರ್ತಿಯಾಗಿ ವರ್ಜಿಸಿದವರೂ, ಕುಡಿತ ಬಿಡಿಸುವ ಡೈಸಲ್ಫಿರಾಮ್ ಔಷಧಿಯನ್ನು ಸೇವಿಸುವವರೂ ಚೀಟಿಯಲ್ಲಿನ ಅಂಕಿಯನ್ನು ಓದಿಯೇ ಮುಂದುವರಿಯಬೇಕು. ಕುಡಿತದ ಚಟದಿಂದ ಪಾರಾದವರಿಗೆ ಬಿಯರಿನ ವಾಸನೆಯೊಂದೇ ಹಳೆಯ ಆಸೆಯನ್ನು ಕೆರಳಿಸಲು ಸಾಕು. ಅವರಿಗೆ ಬಿಯರನ್ನು ಹೋಲುವುದಕ್ಕಿಂತ ಹೋಲದಿರುವ ಪಾನೀಯವೇ ಲೇಸು.

ಮನೆಯಲ್ಲಿ ಹುದುಗಿಸುವ ಪಾನೀಯಗಳಲ್ಲಿಯೂ ಅಲ್ಪ ಮದ್ಯಸಾರ ಹುಟ್ಟುತ್ತದೆ. ರಷ್ಯದವರು ರೈ ರೊಟ್ಟಿಯಿಂದ ಮಾಡುವ ಕ್ವಾಸ್, ಚಹವನ್ನು ಹುದುಗಿಸಿದ ಕೊಂಬುಚ ಇವೆರಡೂ ಇಂಥವೇ. ಬೆಚ್ಚಗಿನ ಜಾಗದಲ್ಲಿ ಹೆಚ್ಚು ದಿನ ಇಟ್ಟರೆ ಅವುಗಳಲ್ಲಿ ಮದ್ಯಸಾರ ಏರಬಹುದು. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಅನಿಲದ ಒತ್ತಡದಿಂದ ಸಿಡಿಯಲೂಬಹುದು. ಇನ್ನು, ಕಳೆದುಹೋದ ರುಚಿಯನ್ನು ತುಂಬಲು ಸಕ್ಕರೆಯನ್ನು ಸುರಿದರೆ ಒಂದು ಕೇಡನ್ನು ಕಳೆದು ಮತ್ತೊಂದನ್ನು ತಂದುಕೊಂಡಂತಾಗುತ್ತದೆ.

ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲಿ ಮದ್ಯ ಬೇಡವೆಂದವನ ಬಟ್ಟಲು ಬಡವಾಗಬೇಕಾದ ಕಾರಣವಿಲ್ಲ. ಹುಳಿ, ಕಹಿ, ಒಗರು, ಖಾರ, ಕಂಪು ಇವುಗಳಲ್ಲಿ ಯಾವುದೂ ಮದ್ಯಸಾರದ ಸೊತ್ತಲ್ಲ. ಅಡುಗೆಮನೆಯ ಡಬ್ಬಗಳಲ್ಲಿ ಅವು ಬೇಕಾದಷ್ಟಿವೆ. ಅವನ್ನು ಹದವರಿತು ಬೆರೆಸುವ ಕೈಯೂ, ಬೆರೆಸಿದುದನ್ನು ಪಕ್ಷಪಾತವಿಲ್ಲದೆ ಪರೀಕ್ಷಿಸುವ ನಾಲಗೆಯೂ ಇದ್ದರೆ ಸಾಕು.