ಗಾಳಿ ನಿಂತ ಮೇಲೆ

ತುರ್ವಿಹಾಳದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಜೊತೆ ನುಗ್ಗುವ ಬಿರುಗಾಳಿ ನಿಮಗೆ ಗೊತ್ತೇ ಇದೆ. ಕೊಯ್ಲಿಗೆ ಬಂದ ಭತ್ತ ಮಲಗುತ್ತದೆ, ಮನೆಯ ತಗಡು ಹಾರುತ್ತದೆ, ಕರೆಂಟಿನ ಕಂಬ ಉರುಳುತ್ತದೆ. ಗಾಳಿ ನಿಂತೊಡನೆ ನಾವು ಓಡುವುದು ಹೊಲಕ್ಕೆ. ನಾನೂ ಓಡಿದವನೇ. ಆದರೆ ಭತ್ತ ಒಂದು ತಾಸು ಕಾಯುತ್ತದೆ. ಮಕ್ಕಳೆಲ್ಲ ಬೆಂಗಳೂರಿಗೆ ಗುಳೆ ಹೋಗಿ ಒಬ್ಬಳೇ ಉಳಿದಿರುವ ಪಕ್ಕದ ಓಣಿಯ ಅಜ್ಜಿ ಕಾಯಲಾರಳು. ಬಾಗಿಲಿಗೆ ಹೋಗಿ ಕೂಗಿ. ಕೈಯಲ್ಲಿ ಬ್ಯಾಟರಿ ಇರಲಿ. ಹರಿದು ಬಿದ್ದ ತಂತಿಯಲ್ಲಿ ಕರೆಂಟಿಲ್ಲವೆಂದು ನಂಬಬೇಡಿ, ದೂರ ನಿಂತು ಜೆಸ್ಕಾಂನ 1912ಕ್ಕೆ ತಿಳಿಸಿ. ಗಾಯವಾಗಿದ್ದರೆ 108. ಕರೆ ಹೋಗದಿದ್ದರೆ ಪರಿಚಯದವರಿಗೆ ಮೆಸೇಜ್ ಹಾಕಿ, ಅದು ಎಷ್ಟೋ ಸಲ ದಾಟಿಬಿಡುತ್ತದೆ. ಅಜ್ಜಿ ಕ್ಷೇಮವಾಗಿದ್ದರೆ ಆಕೆಯ ಮಗನಿಗೂ ಒಂದು ಸಾಲು ತಿಳಿಸಿ. ಅಲ್ಲಿ ಅವನಿಗೆ ನಿದ್ದೆ ಇರುವುದಿಲ್ಲ.